ಮಾವನಿಗೆ ಭೇದಿ

ಗೊರಿಲ್ಲಾದ ಹೆಸರನ್ನು ಬಾಯಿಬಿಟ್ಟು ಹೇಳಿದರೆ ಅದು ಹಿಂದಿನಿಂದ ಬಂದು ಹೆಗಲ ಮೇಲೆ ಕೈಯಿಡುತ್ತದೆ ಅಂತ ಆ ಊರವರಿಗೆಲ್ಲ ಭಯ. ಅದಕ್ಕೇ ಅದನ್ನು ‘ಮಾವ’ ಎನ್ನುತ್ತಿದ್ದರು. ಒಕೆಂಬಾನ ಗ್ರಹಚಾರ ಕೆಟ್ಟಿದ್ದು ಅಲ್ಲೇ.

ಅವನ ಕೆಲಸ ಗೊರಿಲ್ಲಾಗಳ ಲದ್ದಿ ಹೆಕ್ಕಿ ಸೀಸೆಗೆ ತುಂಬುವುದು. ಭೇದಿ ಹಿಡಿಸಿ ಕೊಲ್ಲುವ ಅಂಟುರೋಗ ಎಬೋಲಾ ತಗುಲಿದೆಯೋ ಇಲ್ಲವೋ ಅಂತ ರಾಜಧಾನಿ ಬ್ರಾಝವಿಲ್‌ನಲ್ಲಿ ಪರೀಕ್ಷೆ. ಆ ವಾಸನೆ ತಾಳಲಾರದೆ ಹೆಂಡತಿ ಅಲ್ಫೊನ್ಸೀನ್ ತವರು ಸೇರಿ ಎರಡು ತಿಂಗಳು. ಕೊನೆಗೂ ಅವಳಪ್ಪ ಎಲೆಂಗಾ ಮೆತ್ತಗಾಗಿ, “ಸಾಯಂಕಾಲ ಸ್ನಾನ ಮಾಡ್ಕೊಂಡು ಬಾ, ಕಳಿಸ್ತೀನಿ” ಎಂದಿದ್ದ.

ಅವತ್ತೇ ಬೆಳಿಗ್ಗೆ ಗೊರಿಲ್ಲಾದ ಗೂಡಿನ ಪಕ್ಕ ಲದ್ದಿ ಅಂಬಲಿಯಂತೆ ಹರಿದಿತ್ತು. ಒಕೆಂಬಾ ರೇಡಿಯೋದಲ್ಲಿ ಕೂಗಿದ: “ಮಾವಂಗೆ ಭೇದಿ! ರಾತ್ರಿಯೆಲ್ಲಾ ಹೋಗಿದೆ! ಸೀಸೆಗೆ ತುಂಬ್ಕೊಂಡಿದೀನಿ!”

ಊರಿನಲ್ಲಿ ರೇಡಿಯೋ ಹಿಡಿದಿದ್ದವನು ನರ್ಸ್ ಜೆರ್ವೆ, ರಾಜಧಾನಿಯಿಂದ ನಿನ್ನೆಯಷ್ಟೇ ಬಂದವನು. “ಯಾವ ಮಾವ?” ಅಂತ ಅಲ್ಲೇ ಹೋಗುತ್ತಿದ್ದ, ಎಲೆಂಗಾನ ನೆರೆಮನೆಯ ಯುಲಾಲಿಯನ್ನು ಕೇಳಿದ. ಅವಳಿಗೆ ಎಲ್ಲ ಗೊತ್ತಿತ್ತು. ಆದರೆ ಎಲೆಂಗಾನ ಮೇಕೆ ಅವಳ ಮರಗೆಣಸು ಮೇದು ಮೂರೇ ದಿನವಾಗಿತ್ತು.

“ಅವನಿಗಿರೋದು ಒಬ್ನೇ ಮಾವ. ಅಗೋ, ಆ ಮನೆ” ಎಂದಳು.

ಎರಡು ಸೋಪು ಸವೆಸಿ ಮಿಂದು ಬಂದ ಒಕೆಂಬಾ ನೋಡುತ್ತಾನೆ, ಮಾವನ ಮನೆ ಸುತ್ತ ಯಾರೂ ದಾಟದಂತೆ ಹಗ್ಗ! ಕಾಲು ಬಂದ ಹಿಟ್ಟಿನ ಚೀಲಗಳಂತೆ ಬಿಳಿ ದಿರಿಸಿನ ಆಸ್ಪತ್ರೆಯವರು ಓಡಾಡುತ್ತಿದ್ದರು.

ಒಳಗಿನಿಂದ ಎಲೆಂಗಾ ಅಬ್ಬರಿಸಿದ: “ಏನೋ, ನನ್ ಭೇದಿ ಸೀಸೆಗೆ ತುಂಬ್ಕೊಂಡ್ಯಂತೆ? ನಾನೇ ನೋಡಿಲ್ವಲ್ಲೋ ಅದನ್ನ!”

“ನಿಮ್ದಲ್ಲ ಮಾವ! ಇನ್ನೊಬ್ಬ ಮಾವಂದು!”

“ಇನ್ನೊಬ್ಬ ಮಾವ ಬೇರೆನಾ? ನನ್ ಮಗಳು ಇರೋವಾಗ್ಲೇ ಇನ್ನೊಂದು ಮದುವೆ ಆದ್ಯಾ?”

ಜೆರ್ವೆ ಪೆನ್ನು ತೆಗೆದ. “ಎರಡನೇ ರೋಗಿ. ಎಲ್ಲಿರ್ತಾರೆ?”

“ಮರದ ಕೆಳಗೆ ಮಲಗ್ತಾರೆ ಸ್ವಾಮಿ. ಮೈತುಂಬಾ ಕೂದಲು.”

“ಪಾಪ, ಮನೆಯವರು ಹೊರಗೆ ಹಾಕಿದಾರೆ” ಎಂದು ಯುಲಾಲಿ ಸೆರಗಿನಲ್ಲಿ ಮುಖ ಮುಚ್ಚಿ ನಕ್ಕಳು.

ಒಕೆಂಬಾನಿಗೆ ತಲೆ ಕೆಟ್ಟುಹೋಯಿತು. ಹಗ್ಗ ಹಾರಿ ಮಾವನ ಕಾಲು ಹಿಡಿದು ಕಿರುಚಿದ: “ಗೊರಿಲ್ಲಾ, ಮಾವ! ಗೊರಿಲ್ಲಾ!”

“ನನ್ನೇ ಗೊರಿಲ್ಲಾ ಅಂತೀಯಾ?” ಎಲೆಂಗಾ ಎದೆ ಬಡಿದುಕೊಂಡ. ಊರಿಗೆ ಊರೇ ಬಿದ್ದು ಬಿದ್ದು ನಕ್ಕಿತು. ಜೆರ್ವೆಗೆ ಆಗ ವಿಷಯ ಹೊಳೆದು ಕಿವಿ ಕೆಂಪಾಯಿತು.

“ಸದ್ಯ! ಹಗ್ಗ ಬಿಚ್ಚಿ” ಎಂದ ಒಕೆಂಬಾ.

“ಆಗಲ್ಲ” ಎಂದ ಜೆರ್ವೆ. “ಬ್ರಾಝವಿಲ್‌ಗೆ ವರದಿ ಹೋಗ್ಬಿಟ್ಟಿದೆ. ಹಗ್ಗದ ಒಳಗಿದ್ದವರು ಇಪ್ಪತ್ತೊಂದು ದಿನ ಒಳಗೇ. ನೀವೂ ಹಾರಿಬಿಟ್ರಲ್ಲ.”

“ಹೋಗ್ಲಿ, ಹೆಂಡ್ತಿ ಆದ್ರೂ ಜೊತೇಲಿರ್ತಾಳೆ. ಅಲ್ಫೊನ್ಸೀನ್! ಎಲ್ಲಿದೀಯೇ?”

“ಇಲ್ಲೇ ಕಣ್ರೀ!” ದನಿ ಬಂದದ್ದು ಹಗ್ಗದ ಆಚೆಯಿಂದ. ಬೆಳಿಗ್ಗೆಯೇ ನದಿಗೆ ಬಟ್ಟೆ ಒಗೆಯಲು ಹೋಗಿದ್ದವಳು ತಲೆಯ ಮೇಲೆ ಗಂಟು ಹೊತ್ತು ನಿಂತಿದ್ದಳು. “ಅಪ್ಪ ಹೋಗು ಅಂದಿದಾರೆ, ನಮ್ಮನೆಗೆ ಹೊರಟೆ. ಬೀಗದ ಕೈ ಎಸೀರಿ!”

ಒಕೆಂಬಾ ಎಸೆದ. ಹಿಂದೆ ಮಾವ ಚಾಪೆ ಕೊಡವಿದ:

“ಬಾ ಅಳಿಯಾ. ಇರೋದು ಒಂದೇ.”