ಸಮಾಧಾನಪ್ಪನ ಸಂಬಳ

ಎಲ್ಲಕ್ಕೂ ಮೂಲ ಪಕ್ಕದ ಮನೆಯ ಹೆಂಗಸು ಕೇಳಿದ ಒಂದು ಪ್ರಶ್ನೆ. ಬೆಳಿಗ್ಗೆ ತಾರಸಿಯಲ್ಲಿ ಬಟ್ಟೆ ಒಣಗಹಾಕುತ್ತಿದ್ದಾಗ ಆಕೆ ಸಮಾಧಾನಪ್ಪನ ಹೆಂಡತಿಯನ್ನು ಕೇಳಿದಳು: "ನಿಮ್ಮ ಯಜಮಾನ್ರು ಸಮಾಜಸೇವೆ ಮಾಡ್ತಾರೆ ಅಂತ ಗೊತ್ತು. ಹೊಟ್ಟೆಪಾಡಿಗೆ ಏನು ಮಾಡ್ತಾರೆ?"

ಹೆಂಡತಿ ಕೆಳಗಿಳಿದು ಬಂದವಳೇ ಖಾಲಿ ಬಕೆಟ್ಟನ್ನು ಗಂಡನ ಮುಂದೆ ಕುಕ್ಕಿದಳು.

"ಕನ್ನಡಕದ ಅಂಗಡೀಲಿ ನಿಂತು ನಿಂತು ನನ್ನ ಕಾಲು ಕಂಬ ಆಗಿದೆ. ನೀವು ಹನ್ನೊಂದು ವರ್ಷದಿಂದ ಊರೋರ ಸಂಸಾರ ರಿಪೇರಿ ಮಾಡ್ತಿದ್ದೀರಿ. ಇವತ್ತು ಸಂಬಳ ಜಾಸ್ತಿ ಮಾಡಿ ಅಂತ ಕೇಳದೆ ಮನೆಗೆ ಬರ್ಬೇಡಿ."

"ಸಮಾಧಾನ, ಸಮಾಧಾನ," ಎಂದ ಅವನು. ಯಾರು ಬೈದರೂ, ಅತ್ತರೂ, ತಟ್ಟೆ ಎಸೆದರೂ ಅವನು ಹೇಳುತ್ತಿದ್ದುದು ಅದೊಂದೇ ಮಾತು. ಅದರಿಂದಲೇ ಆ ಹೆಸರು ಬಂದಿತ್ತು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು.

ಅವನು ಕೆಲಸ ಮಾಡುತ್ತಿದ್ದ ಸಲಹಾ ಕೇಂದ್ರದ ನಿರ್ದೇಶಕಿ ಮೇಡಂ ಅವನ ಮನವಿಯನ್ನು ಪೂರ್ತಿ ಕೇಳಿದರು. ಅಷ್ಟರಲ್ಲಿ ಅವನು ಮೂರು ಬಾರಿ ಕರವಸ್ತ್ರ ಹಿಂಡಿದ್ದ.

"ಹಿರಿಯ ಸಮಾಜ ಕಾರ್ಯಕರ್ತನ ಹುದ್ದೆ ಖಾಲಿ ಇದೆ. ಸಂಬಳಾನೂ ಜಾಸ್ತಿ. ನಾಲ್ಕು ಗಂಟೆಗೆ ಸಮಿತಿ ಸೇರುತ್ತೆ. ಅಷ್ಟರೊಳಗೆ ಇದನ್ನ ಮುಗಿಸಿ ಬನ್ನಿ, ನಿಮ್ಮ ಹೆಸರು ಹೇಳ್ತೀನಿ," ಎಂದು ಒಂದು ಕಡತ ಮುಂದೆ ತಳ್ಳಿದರು.

ಸಮಾಧಾನಪ್ಪ ಕಡತ ತೆರೆದು ನೋಡಿ ತಟ್ಟನೆ ಮುಚ್ಚಿದ. ಅದು ಚಪ್ಪಲಿ ಸ್ಟ್ಯಾಂಡಿನ ಜಗಳ. ಒಂದೇ ಕಟ್ಟಡದ ಮೂರನೇ ಮಹಡಿಯಲ್ಲಿ ಎದುರುಬದುರು ವಾಸವಾಗಿದ್ದ ನಿವೃತ್ತ ಗಣಿತದ ಮೇಷ್ಟ್ರಿಗೂ ನಿವೃತ್ತ ನರ್ಸಮ್ಮನಿಗೂ ಮೂರು ವರ್ಷಗಳಿಂದ ಯುದ್ಧ. ಮೇಷ್ಟ್ರು ಸ್ಟ್ಯಾಂಡನ್ನು ಎರಡು ಬಾಗಿಲುಗಳ ನಡುವೆ ಇಟ್ಟಿದ್ದರು. ನರ್ಸಮ್ಮ ಬಾಗಿಲು ತೆರೆದಾಗಲೆಲ್ಲ ಅದಕ್ಕೆ ಬಡಿಯುತ್ತಿತ್ತು. ಹಿಂದೆ ಹೋಗಿದ್ದ ನಾಲ್ವರು ಕಾರ್ಯಕರ್ತರಲ್ಲಿ ಒಬ್ಬ ಕೆಲಸವನ್ನೇ ಬಿಟ್ಟು ಈಗ ಜೇನು ಸಾಕುತ್ತಿದ್ದ. ಜೇನು ಕಚ್ಚಿದರೂ ಮಾತಾಡುವುದಿಲ್ಲವಲ್ಲ ಎಂದು ಅವನಿಗೆ ಸಂತೋಷ.

ಸಮಾಧಾನಪ್ಪ ಟೇಪು ಹಿಡಿದು ಮೂರನೇ ಮಹಡಿ ಹತ್ತಿದ. "ಜಾಗ ಅಳೆದು ಸಮನಾಗಿ ಹಂಚೋಣ," ಎಂದು ಬಗ್ಗಿದ.

"ಅಳತೆ ನನಗೆ ಹೇಳ್ಕೊಡ್ತೀರಾ?" ಎಂದು ಮೇಷ್ಟ್ರು ಟೇಪಿನ ಒಂದು ತುದಿ ಎಳೆದರು.

"ಅವರ ಕೈಗೆ ಯಾಕ್ರೀ ಕೊಟ್ರಿ?" ಎಂದು ನರ್ಸಮ್ಮ ದಡಾರನೆ ಬಾಗಿಲು ತಳ್ಳಿದರು.

ಬಾಗಿಲು ಸ್ಟ್ಯಾಂಡಿಗೆ, ಸ್ಟ್ಯಾಂಡು ಸಮಾಧಾನಪ್ಪನಿಗೆ, ಸಮಾಧಾನಪ್ಪ ಮೆಟ್ಟಿಲಿಗೆ. ಹದಿನಾಲ್ಕು ಜೊತೆ ಚಪ್ಪಲಿಗಳು ಶಾಲೆ ಬಿಟ್ಟ ಮಕ್ಕಳಂತೆ ಧಡಬಡಿಸಿ ಕೆಳಗೋಡಿದವು. ಅವುಗಳ ಹಿಂದೆಯೇ ಅವನೂ ಎಂಟು ಮೆಟ್ಟಿಲು ಜಾರಿದ. ಕಾಲ್ಬೆರಳು ಜಜ್ಜಿತು. ಪ್ಯಾಂಟು ಹಿಂಭಾಗದಲ್ಲಿ ಪರ್‍ರನೆ ಹರಿದು ಎರಡು ಹೋಳಾಯಿತು.

ಒಂದು ಬೂಟು ತಲೆಗೆ ತಗುಲಿದ ಒಂದನೇ ಮಹಡಿಯ ಟೈಲರ್ ಮೆಟ್ಟಿಲು ಹತ್ತಿ ಓಡಿಬಂದ. ಬೈಯಲು ಬಂದವನು ಪ್ಯಾಂಟು ನೋಡಿ ವೃತ್ತಿಧರ್ಮ ನೆನೆದ. "ಬಿಚ್ಚಿ ಇಲ್ಲಿ. ಹತ್ತು ನಿಮಿಷದ ಕೆಲಸ."

ಹೀಗೆ ಸಮಾಧಾನಪ್ಪ ನರ್ಸಮ್ಮನ ಹೂವಿನ ಚಿತ್ರದ ಬೆಡ್‌ಶೀಟು ಸುತ್ತಿಕೊಂಡು ಮೆಟ್ಟಿಲ ಮೇಲೆ ಕೂತ. ನರ್ಸಮ್ಮ ಬೆರಳಿಗೆ ಬ್ಯಾಂಡೇಜು ಸುತ್ತಿದರು. ಮೇಷ್ಟ್ರು ನೀರು ತಂದರು.

ಟೈಲರ್ ಪ್ಯಾಂಟನ್ನು ಬೆಳಕಿಗೆ ಹಿಡಿದ. "ಸ್ವಾಮಿ, ಇದನ್ನ ಈಗಾಗ್ಲೇ ಐದು ಸಲ ಹೊಲಿದಿದ್ದಾರೆ. ಇಲ್ಲಿ ಬಟ್ಟೆಗಿಂತ ದಾರಾನೇ ಜಾಸ್ತಿ. ಒಂದು ಹೊಸದು ತಗೋಬಾರ್ದಾ?"

"ನಿಮಗೆ ಸಂಬಳ ಎಷ್ಟು ಬರುತ್ತಪ್ಪ?" ಎಂದು ಕೇಳಿದರು ಮೇಷ್ಟ್ರು.

ಸಮಾಧಾನಪ್ಪ ಮೆಲ್ಲಗೆ ಹೇಳಿದ.

"ವಾರಕ್ಕಾ?"

"ತಿಂಗಳಿಗೆ."

ಮೂರು ವರ್ಷಗಳಲ್ಲಿ ಮೊದಲ ಬಾರಿಗೆ ಮೇಷ್ಟ್ರೂ ನರ್ಸಮ್ಮನೂ ಒಬ್ಬರ ಮುಖ ಒಬ್ಬರು ನೋಡಿದರು.

"ಅಲ್ಲ ಮೇಷ್ಟ್ರೇ, ಇದು ಅನ್ಯಾಯ ಅಲ್ವಾ?"

"ಘೋರ ಅನ್ಯಾಯ ನರ್ಸಮ್ಮ! ಈ ಸಂಬಳಕ್ಕೆ ಈ ಮನುಷ್ಯ ನಮ್ಮ ಜಗಳ ಬೇರೆ ಕೇಳ್ಬೇಕಾ? ನನಗೆ ನಾಚಿಕೆ ಆಗ್ತಿದೆ. ಎತ್ರೀ ಆ ಸ್ಟ್ಯಾಂಡು, ನಮ್ಮನೆ ಒಳಗೇ ಇಟ್ಕೋತೀನಿ."

"ಬೇಡಿ, ಇರ್ಲಿ ಬಿಡಿ. ನಾನೇ ಬಾಗಿಲು ನಿಧಾನಕ್ಕೆ ತೆಗೀತೀನಿ."

ಸಮಾಧಾನಪ್ಪನ ಕಣ್ಣು ತುಂಬಿತು. ಜಗಳ ಮುಗಿದಿತ್ತು. ಆದರೆ ಅವರ ಆವೇಶ ಮುಗಿದಿರಲಿಲ್ಲ.

"ನಡೀರಿ ನಿಮ್ಮ ಆಫೀಸಿಗೆ!" ಎಂದು ನರ್ಸಮ್ಮ ಗುಡುಗಿದರು. "ನಾವೇ ಕೇಳ್ತೀವಿ."

"ಅಮ್ಮಾ, ಸಮಾಧಾನ... ನನ್ನ ಪ್ಯಾಂಟು..."

"ಪ್ಯಾಂಟೇ ಸಾಕ್ಷಿ!" ಎಂದ ಟೈಲರ್.

ಕಟ್ಟಡದ ಇಪ್ಪತ್ತು ಮಂದಿ ಬೀದಿಗಿಳಿದರು. ಹರಿದ ಪ್ಯಾಂಟನ್ನು ಮೊಳದ ಕೋಲಿಗೆ ಸಿಕ್ಕಿಸಿ ಬಾವುಟದಂತೆ ಎತ್ತಿ ಹಿಡಿದ ಟೈಲರ್ ಮುಂದೆ. ಘೋಷಣೆ ಕೂಗುವ ಮೇಷ್ಟ್ರು, ನರ್ಸಮ್ಮ ಅವನ ಹಿಂದೆ. ಎಲ್ಲರಿಗೂ ಹಿಂದೆ, ಹೂವಿನ ಬೆಡ್‌ಶೀಟಿನಲ್ಲಿ ಕುಂಟುತ್ತ, ಗುರುತಿನವರು ಸಿಕ್ಕಾಗಲೆಲ್ಲ ಗೋಡೆಯ ಕಡೆ ಮುಖ ತಿರುಗಿಸುತ್ತ ಸಮಾಧಾನಪ್ಪ.

ನಾಲ್ಕು ಗಂಟೆಗೆ ಸರಿಯಾಗಿ ಮೆರವಣಿಗೆ ಸಮಿತಿಯ ಕೋಣೆಗೆ ನುಗ್ಗಿತು. ಸದಸ್ಯರು ಕುರ್ಚಿ ಸಮೇತ ಹಿಂದೆ ಸರಿದರು. ಮೇಡಂ ಮಾತ್ರ ಅಲುಗಲಿಲ್ಲ. ಕನ್ನಡಕ ಸರಿಪಡಿಸಿಕೊಂಡು ಪ್ಯಾಂಟನ್ನೂ, ಬೆಡ್‌ಶೀಟನ್ನೂ, ಕೈ ಕೈ ಹಿಡಿದು ನಿಂತಿದ್ದ ಶತ್ರುಗಳಿಬ್ಬರನ್ನೂ ನೋಡಿದರು.

"ಜಗಳ ಮುಗೀತಾ?"

"ಮುಗೀತು!" ಎಂದರು ಇಬ್ಬರೂ.

"ಹೇಗೆ ಮುಗೀತು?"

"ಇವರ ಸಂಬಳ ಕೇಳಿದ್ಮೇಲೆ ನಮ್ಮ ಜಗಳ ಯಾವ ಲೆಕ್ಕ ಅನ್ನಿಸ್ತು," ಎಂದರು ಮೇಷ್ಟ್ರು.

ಮೇಡಂ ಎದ್ದು ಬಂದು ಸಮಾಧಾನಪ್ಪನ ಕೈ ಕುಲುಕಿದರು. "ಇವತ್ತಿನಿಂದ ನೀವೇ ಹಿರಿಯ ಕಾರ್ಯಕರ್ತ!" ಚಪ್ಪಾಳೆ ಸುರಿಯಿತು. ನರ್ಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಜನ ಜೈಕಾರ ಹಾಕುತ್ತ ಹೊರಟರು. ಟೈಲರ್ ಗೆದ್ದ ಉತ್ಸಾಹದಲ್ಲಿ ಪ್ಯಾಂಟನ್ನೂ ತೆಗೆದುಕೊಂಡೇ ಹೋದ.

ಕೋಣೆ ಖಾಲಿಯಾದ ಮೇಲೆ ಸಮಾಧಾನಪ್ಪ ಬೆಡ್‌ಶೀಟಿನ ಗಂಟು ಬಿಗಿಹಿಡಿದು ಕೇಳಿದ: "ಹೊಸ ಸಂಬಳ ಈ ತಿಂಗಳಿಂದಲೇನಾ ಮೇಡಂ?"

"ಯಾವ ಹೊಸ ಸಂಬಳ?" ಮೇಡಂ ಹುಬ್ಬೇರಿಸಿದರು. "ನಾಲ್ಕು ಜನ ಮೂರು ವರ್ಷ ಒದ್ದಾಡಿದ್ರೂ ಆಗದ್ದನ್ನ ನಿಮ್ಮ ಸಂಬಳ ಒಂದೇ ನಿಮಿಷಕ್ಕೆ ಮಾಡಿದೆ. ಅದನ್ನ ಜಾಸ್ತಿ ಮಾಡಿ ಕೆಡಿಸೋಕೆ ಸಮಿತಿ ಒಪ್ಪುತ್ತಾ?"

ಸದಸ್ಯರು ಒಟ್ಟಿಗೆ ಇಲ್ಲವೆಂದು ತಲೆಯಲ್ಲಾಡಿಸಿದರು. ಮೇಡಂ ಕಪಾಟಿನಿಂದ ಹನ್ನೆರಡು ಹಳೆಯ ಕಡತಗಳನ್ನು ತೆಗೆದು ಅವನ ತೋಳಿನ ಮೇಲೆ ಒಂದೊಂದಾಗಿ ಪೇರಿಸಿದರು.

"ನಾಳೆ ಅಣ್ಣತಮ್ಮಂದಿರ ಆಸ್ತಿ ಜಗಳ. ಸುಮ್ನೆ ಸಮಾಧಾನ ಹೇಳ್ತಾ ಕೂತ್ಕೋಬೇಡಿ. ಬಾಗಿಲಲ್ಲೇ ಸಂಬಳ ಹೇಳ್ಬಿಡಿ."