ಪೋರ್ಚುಗಲ್ಲಿನ ಪೈಗಾಮು

ಗಂಜಾಮಿನ ಮುನಾವರ್ ಪಾಷಾ ಸಾಹೇಬರು ದೇಶ ಬಿಡುವುದೆಂದು ತೀರ್ಮಾನಿಸಿದ್ದು ಒಂದು ಸೋಮವಾರ ಬೆಳಿಗ್ಗೆ, ಬೋಂಡ ತಿನ್ನುವಾಗ. ತಿನ್ನುವ ಮೊದಲು ಅದನ್ನು ಹೆಬ್ಬೆರಳಿನಿಂದ ಒಮ್ಮೆ ಅದುಮಿದರು. (ಇದು ಕಸುಬಿನ ಅಭ್ಯಾಸ. ಕಾರಿನ ಸೀಟಿಗೆ, ಸೋಫಾಕ್ಕೆ ಕುಶನ್ ಹಾಕುವ ಅಂಗಡಿ ಅವರದು. ಇಡ್ಲಿ, ಬನ್ನು, ನೆಂಟರ ಮನೆಯ ದಿಂಬು, ಒಮ್ಮೆ ಭಾವಮೈದುನನ ಹೊಟ್ಟೆ, ಯಾವುದನ್ನೂ ಅವರು ಅದುಮದೆ ಬಿಟ್ಟವರಲ್ಲ.) ಬೋಂಡ ಹೋದ ತಿಂಗಳಿಗಿಂತ ಸಣ್ಣಗಾಗಿತ್ತು, ಬೆಲೆ ಮಾತ್ರ ದಪ್ಪಗಾಗಿತ್ತು.

“ನೋಡ್ದಾ ಲೋಕೇಶ? ಇದುನ್ನೇ ಕಣ್ಲಾ ಇನ್‌ಫ್ಲೇಷನ್ನು ಅನ್ನೋದು,” ಎಂದರು.

ಲೋಕೇಶ ಟೀ ಅಂಗಡಿಯವನು. ಹಾಲು ಉಕ್ಕುವುದರೊಳಗೆ ಸಿಗುವ ಬಿಡುವಿನಲ್ಲಿ ಮನೆ, ಸೈಟುಗಳ ಬ್ರೋಕರಿಕೆಯನ್ನೂ ಮಾಡುತ್ತಿದ್ದ. “ಇನ್‌ಫ್ಲೇಷನ್ನೂ ಇಲ್ಲ ಮಣ್ಣೂ ಇಲ್ಲ ಕಣ್ ಪಾಷಾ. ಇವತ್ತು ಕಡ್ಲೆಇಟ್ಟು ಕಮ್ಮಿ ಬಿತ್ತು. ಸುಮ್ಕೆ ತಿನ್ನು.”

ಸುಮ್ಮನೆ ತಿನ್ನುವ ಸ್ಥಿತಿಯಲ್ಲಿ ಸಾಹೇಬರು ಇರಲಿಲ್ಲ. ಹೊಸ ಹೆದ್ದಾರಿ ಊರಾಚೆ ಹಾದುಹೋದ ದಿನದಿಂದ ಮೈಸೂರಿನ ಕಾರುಗಳು ಅವರ ಅಂಗಡಿ ಮುಂದೆ ನಿಲ್ಲುವುದಿರಲಿ, ಆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಗಿರಾಕಿ ಇಲ್ಲದ ಹೊತ್ತಲ್ಲಿ ಮನುಷ್ಯ ಏನು ಮಾಡಬೇಕು? ಮೊಬೈಲು ನೋಡಬೇಕು. ಹಾಗೆ ನೋಡುತ್ತಿರುವಾಗ ಚಡ್ಡಿ ತೊಟ್ಟ ಒಬ್ಬ ಹುಡುಗ ಸಮುದ್ರದ ದಂಡೆಯಲ್ಲಿ ನಿಂತು, “ಇನ್ನೂ ಅಲ್ಲೇ ಕೂತಿದ್ದೀರಾ? ರೂಪಾಯಿ ಕರಗ್ತಾ ಇದೆ! ಪೋರ್ಚುಗಲ್ಲಿನಲ್ಲಿ ಒಂದು ಮನೆ ತಗೊಳ್ಳಿ, ಬಾಡಿಗೆ ಎಣಿಸ್ತಾ ಕಾಲು ಚಾಚಿ ಕೂತ್ಕೊಳ್ಳಿ. ಇದೇ ಆರ್ಥಿಕ ಸ್ವಾತಂತ್ರ್ಯ!” ಎಂದು ಅವರನ್ನೇ ಹೆಸರು ಹಿಡಿದು ಕರೆದಂತೆ ಕರೆದ.

ಸಾಹೇಬರಿಗೆ ದುರಾಸೆ ಕಡಿಮೆ, ಕುತೂಹಲ ಜಾಸ್ತಿ. ಅಲ್ಲಿ ರಾಗಿ ಸಿಗುತ್ತದೆಯೇ? ಸೋಫಾಕ್ಕೆ ಯಾವ ಸ್ಪಂಜು ಹಾಕುತ್ತಾರೆ? ಸಮುದ್ರದ ಪಕ್ಕ ಒಗೆದ ಬಟ್ಟೆ ಒಣಗುತ್ತದೆಯೇ? ಎಲ್ಲವೂ ತಿಳಿಯಬೇಕು. ಮಹಡಿಯ ಕೋಣೆಗೆ ಒಂದು ಮೆತ್ತನೆಯ ಕುರ್ಚಿ, ಒಂದು ಭೂಪಟ ಸಾಗಿಸಿ ಅದಕ್ಕೆ ‘ವಿದೇಶ ವ್ಯವಹಾರ ಕಚೇರಿ’ ಎಂದು ನಾಮಕರಣ ಮಾಡಿದರು. ವಾರ ಕಳೆಯುವುದರೊಳಗೆ ಗಂಜಾಮಿನಲ್ಲಿ ಎಲ್ಲರಿಗೂ ಸಾಹೇಬರು ದೇಶ ಬಿಡುವ ಸುದ್ದಿ ಮುಟ್ಟಿತ್ತು. ಮುಟ್ಟದೆ ಉಳಿದದ್ದು ಒಬ್ಬರಿಗೆ ಮಾತ್ರ. ಮಾರಬೇಕಾದ ಮನೆ ಇದ್ದದ್ದು ಅವರ ಹೆಸರಿನಲ್ಲೇ.

ಅವರು ಸಾಹೇಬರ ಬೇಗಂ ಖತೀಜಾ ಬೀ. ಅವರ ಅಬ್ಬಾ ಮಗಳ ಹೆಸರಿಗೆ ಬರೆದುಕೊಟ್ಟ ಮನೆ ಅದು. ಅದು ಮಾರಾಟವಾದರೆ ತಾನೇ ಪೋರ್ಚುಗಲ್ಲು! ಅವರ ರುಜು ಬೀಳದೆ ಮಾರುವಂತಿಲ್ಲ. ಸುದ್ದಿಯನ್ನು ಕೊನೆಗೆ ಅವರಿಗೆ ಮುಟ್ಟಿಸಿದವಳು ಅಂಜೂರ ಮಾರುವ ಚಿಕ್ಕಬೋರಮ್ಮ. (ಈ ಮನೆಯ ಜಗಳಗಳು ಉರ್ದುವಿನಲ್ಲಿ ಶುರುವಾಗಿ, ಬೀದಿಗೂ ಕೇಳಿಸಲಿ ಎನಿಸಿದಾಗ ಕನ್ನಡಕ್ಕೆ ತಿರುಗುತ್ತವೆ. ಇದು ಮೊದಲಿನಿಂದಲೇ ಕನ್ನಡದಲ್ಲಿತ್ತು.)

“ಅಜಿ, ಮನೆ ಮಾರ್ತೀರಂತೆ?” ಎಂದು ಖತೀಜಾ ಬೀ ಗಂಡನನ್ನು ಕೇಳಿದರು.

“ಮಾರೋದಲ್ಲ ಖತೀಜಾ, ಇನ್ವೆಸ್ಟ್‌ಮೆಂಟು. ಇಲ್ಲಿದ್ರೆ ದುಡ್ಡು ಕರಗೋಯ್ತದೆ.”

“ಕರಗೋಕೆ ನಿಮ್ ತಾವ ಎಲ್ಲೈತೆ?”

ಸಾಹೇಬರು ಕೆಮ್ಮಿದರು. “ನೋಡು, ಆ ದೇಶವೇ ನಮ್ಮನ್ನ ಕರೀತಾ ಐತೆ. ದಿನಾ ಮೊಬೈಲಲ್ಲಿ ಬಂದು ಕರೀತದೆ.”

“ಒಳ್ಳೆ ಮನೆ ಹುಡ್ಗೀನ ಯಾರಾದ್ರೂ ಮೊಬೈಲಲ್ಲಿ ಕೂಗಿ ಕೂಗಿ ಕೊಡ್ತಾರಾ? ಏನೋ ಐಬು ಐತೆ. ವಿಚಾರಿಸ್ಬೇಕು.”

‘ವಿಚಾರಿಸಬೇಕು’ ಎಂಬ ಮಾತು ಖತೀಜಾ ಬೀಯವರ ಬಾಯಿಂದ ಬಂದಾಗ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಪೈಗಾಮು, ಅಂದರೆ ಮದುವೆಯ ಪ್ರಸ್ತಾಪ ಬಂದ ಮನೆಯವರೆಲ್ಲ ಮೊದಲು ಓಡಿಬರುತ್ತಿದ್ದದ್ದು ಅವರ ಬಳಿಗೇ. ಆ ಕಡೆಯವರ ಬೀದಿಗೆ ಹೋಗಿ, ಕಿರಾಣಿ ಅಂಗಡಿಯವನನ್ನು, ಟೈಲರನ್ನು ಮಾತಾಡಿಸಿ, ನೀರು ಕೇಳುವ ನೆಪದಲ್ಲಿ ಅಡುಗೆಮನೆ ಹೊಕ್ಕು ಬಂದರೆಂದರೆ ಮುಗಿಯಿತು. ನಾಗಮಂಗಲದ ಒಬ್ಬ ವರನ ಚಪ್ಪಲಿಯ ಅಡಿ ಸವೆಯದಿದ್ದುದನ್ನು ನೋಡಿಯೇ, ಆತ ಕೆಲಸಕ್ಕೆ ಹೋಗುವವನಲ್ಲ ಎಂದು ಹೇಳಿದ್ದರು. ಅವರ ಲೆಕ್ಕ ತಪ್ಪಿದ್ದೇ ಇಲ್ಲ. (ಅವರ ಸ್ವಂತ ಮದುವೆಯ ವಿಚಾರಣೆಗೆ ಅವರ ಅಬ್ಬಾ ಹೋಗಿದ್ದರು.)

“ದೇಶಾನ ಎಂಗೆ ವಿಚಾರ್ಸೋದು?” ಎಂದರು ಸಾಹೇಬರು.

“ಆ ದೇಶದಲ್ಲೇ ಹುಟ್ಟಿ ಬೆಳೆದ ಒಬ್ಬ ಹೆಂಗಸು ನನ್ನ ಮುಂದೆ ಕೂತು ಮಾತಾಡ್ಬೇಕು. ಗಂಡಸ್ರ ಮಾತು ಬೇಡ, ಅವ್ರಿಗೆ ಅಕ್ಕಿ ರೇಟು ಗೊತ್ತಿರಲ್ಲ. ಅವಳು ಸೈ ಅಂದ್ರೆ ಅವತ್ತೇ ರುಜು ಹಾಕ್ತೀನಿ. ಇಲ್ದಿದ್ರೆ ಆ ಮಾತು ಇಲ್ಲಿಗೇ ಬುಟ್ಬುಡಿ.”

ಅಲ್ಲಿಂದ ಸಾಹೇಬರ ದಿಗ್ವಿಜಯ ಯಾತ್ರೆ ಶುರುವಾಯಿತು. ಗುಂಬಜ್ ನೋಡಲು ಬರುವ ಬಿಳಿಯರನ್ನೆಲ್ಲ ಗೇಟಿನಲ್ಲೇ ಅಡ್ಡಗಟ್ಟಿ, “ಮೇಡಂ, ಪೋರ್ಚುಗಲ್?” ಎಂದು ಕೇಳಿದರು. ಒಬ್ಬಳು ಜರ್ಮನಿ ಎಂದಳು, ಒಬ್ಬಳು ಹೆದರಿ ಗಂಡನ ಹಿಂದೆ ಅಡಗಿದಳು. ಇನ್ನೊಬ್ಬಳು ಅದು ಯಾವುದೋ ಮಾರಾಟದ ವಸ್ತುವೆಂದು ತಿಳಿದು “ಹೌ ಮಚ್?” ಎಂದಳು. ಸಂಗಮದಲ್ಲಿ ತಿರುಗಿದರು, ಕರಿಘಟ್ಟದ ಮೆಟ್ಟಿಲನ್ನೂ ಹತ್ತಿಳಿದು ಮಂಡಿಗೆ ಎಣ್ಣೆ ತಿಕ್ಕಿಸಿಕೊಂಡರು. ಪೋರ್ಚುಗಲ್ಲಿನ ಸುಳಿವಿಲ್ಲ.

ಕೊನೆಗೆ ದಾರಿ ತೋರಿಸಿದವನು ಲೋಕೇಶ. “ಲೇ ಪಾಷಾ, ಕೆ.ಆರ್. ಪೇಟೆ ಲಾಡ್ಜಲ್ಲಿ ಒಬ್ಬ ಪೋರ್ಚುಗಲ್ ಎಂಗ್ಸು ಬಂದವ್ಳಂತೆ ಕಣ್ಲಾ. ದಿನಾ ಗೋವಿಂದನಳ್ಳಿ ದೇವಸ್ಥಾನದ ಮುಂದೆ ಕೂತು ಚಿತ್ರ ಬರೀತಾವ್ಳೆ. ಓಗಿ ಮನೇಗೆ ಕರಿ, ಬತ್ತಾಳೆ.” ಇಷ್ಟೊಂದು ಕುತೂಹಲಿಯಾದ ಸಾಹೇಬರಿಗೆ, ಅದೆಲ್ಲ ಲೋಕೇಶನಿಗೆ ಹೇಗೆ ಗೊತ್ತು ಎಂಬ ಒಂದು ಕುತೂಹಲ ಮಾತ್ರ ಹುಟ್ಟಲಿಲ್ಲ.

ಮಗಳು ಮಹ್ವಿಶಳನ್ನು ದುಭಾಷಿಯಾಗಿ ಕೂರಿಸಿಕೊಂಡು, ಹಳೇ ಓಮ್ನಿಯಲ್ಲಿ ಪಾಂಡವಪುರದ ಮೇಲೆ ಹಾದು ಗೋವಿಂದನಹಳ್ಳಿ ಸೇರಿದರು. ಹೆಂಗಸು ಇದ್ದದ್ದು ನಿಜ. ಅರವತ್ತು ದಾಟಿದ, ಬಿಸಿಲಿಗೆ ಕೆಂಪಾದ ಮುಖದ ಇಸಾಬೆಲ್, ಪೋರ್ಚುಗಲ್ಲಿನ ಶಾಲೆಯೊಂದರಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತಳಾದವಳು. ಗಂಜಾಮಿನಿಂದ ಬಂದಿದ್ದೇವೆ ಎಂದದ್ದೇ ತಡ, ಅವಳು ಕುಂಚ ಬದಿಗಿಟ್ಟು ಎದ್ದು ನಿಂತು ಕೈ ಕುಲುಕಿದಳು. ಭಾನುವಾರ ಬಿರಿಯಾನಿಗೆ ಬರುವುದಾಗಿ ಒಪ್ಪಿದಳು. “ನೋಡ್ದಾ ಮಗಳೇ, ಎಂಥ ಸಂಸ್ಕಾರ!” ಎಂದು ಸಾಹೇಬರು ದಾರಿಯುದ್ದಕ್ಕೂ ಆ ದೇಶವನ್ನು ಹೊಗಳಿದರು.

ಭಾನುವಾರ ಇಸಾಬೆಲ್ ಬಂದವಳೇ ಕೂರಲಿಲ್ಲ. ಮಹ್ವಿಶಳನ್ನು ಕೇಳಿಕೊಂಡು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ನೀರು ಬೀಳುವುದನ್ನು ನೋಡಿದಳು. ಕಿಟಕಿ ತೆಗೆದಳು, ಮುಚ್ಚಿದಳು. ಮಹಡಿ ಹತ್ತಿ ವಿದೇಶ ವ್ಯವಹಾರ ಕಚೇರಿಯ ಬಾಗಿಲಲ್ಲಿ ನಿಂತು, ದೂರದ ಕರಿಘಟ್ಟವನ್ನು ಕಣ್ತುಂಬ ನೋಡಿದಳು. ಕೊನೆಗೆ ಸಾಹೇಬರ ಮೆತ್ತನೆ ಕುರ್ಚಿಯನ್ನು ಹೆಬ್ಬೆರಳಿನಿಂದ ಅದುಮಿದಳು.

ಸಾಹೇಬರಿಗೆ ಆನಂದಬಾಷ್ಪ ಬರುವುದೊಂದು ಬಾಕಿ. “ನೋಡು ಖತೀಜಾ, ನಾವು ಅವ್ರ ದೇಶಕ್ಕೆ ತಕ್ಕೋರಾ ಅಂತ ವಿಚಾರಿಸ್ತಾವ್ರೆ!” ಎಂದು ಪಿಸುಗುಟ್ಟಿದರು. ಖತೀಜಾ ಬೀ ಇಸಾಬೆಲ್ಲಳ ಕೈಯನ್ನೇ ನೋಡುತ್ತಿದ್ದರು. ಮನೆ ನೋಡುವ ಆ ರೀತಿ ಅವರಿಗೆ ಚೆನ್ನಾಗಿ ಪರಿಚಯವಿತ್ತು.

ಊಟವಾಯಿತು. ಖತೀಜಾ ಬೀ ಎಲೆ ಅಡಿಕೆ ತಟ್ಟೆ ಮುಂದಿಟ್ಟು ವಿಚಾರಣೆಗೆ ಕೂತರು. ನಡುವೆ ಮಹ್ವಿಶ್.

“ನೀರು ಎಂಗೆ?”

“ನಲ್ಲಿಯಲ್ಲಿ ದಿನವಿಡೀ ಬರುತ್ತಂತೆ ಅಮ್ಮಿ.”

“ಅಕ್ಕಿ?”

“ಅಲ್ಲೇ ಬೆಳೀತಾರಂತೆ. ಮೀನಿಗೂ ಬರ ಇಲ್ಲವಂತೆ.”

“ನೆರೆಹೊರೆ?”

“ಮೂವತ್ತು ವರ್ಷ ಒಂದೇ ಬೀದೀಲಿದ್ರಂತೆ. ಯಾರ ಮನೇಲಿ ಯಾರಿಗೆ ಜ್ವರ ಅಂತ ಕೆಮ್ಮು ಕೇಳಿದ್ರೇ ಗೊತ್ತಾಗ್ತಿತ್ತಂತೆ.”

ಒಂದೊಂದು ಉತ್ತರಕ್ಕೂ ಸಾಹೇಬರು ಒಂದೊಂದು ಅಂಗುಲ ಉಬ್ಬಿದರು. ಜೇಬಿನ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ, ಬೇಗಂ ಕೈಗೆ ಸಿಗುವ ಹಾಗೆ ತಟ್ಟೆಯ ಪಕ್ಕದಲ್ಲಿಟ್ಟರು.

ಖತೀಜಾ ಬೀ ಪೆನ್ನಿನ ಕಡೆ ನೋಡಲಿಲ್ಲ. “ಇಷ್ಟೆಲ್ಲಾ ಚೆನ್ನಾಗಿದ್ರೆ ಈಯಮ್ಮ ಯಾಕೆ ಬುಟ್ಟು ಬಂದ್ಳು? ಕೇಳು.”

ಮಹ್ವಿಶ್ ಕೇಳಿದಳು. ಇಸಾಬೆಲ್ ನಿಧಾನವಾಗಿ ಮಾತಾಡಿದಳು. ಮಹ್ವಿಶಳ ಕನ್ನಡವೂ ನಿಧಾನವಾಯಿತು.

“ಹೊರಗಿನವರು ಬಂದು ಮನೆ ಕೊಳ್ಳೋಕೆ ಶುರು ಮಾಡಿದ್ರಂತೆ ಅಮ್ಮಿ. ಇರೋಕಲ್ಲ, ಬಾಡಿಗೆ ಬರಲಿ ಅಂತ. ಆರ್ಥಿಕ ಸ್ವಾತಂತ್ರ್ಯ ಅಂತಾರಂತೆ. ಇವರಿದ್ದ ಮನೇನೂ ಹಂಗೇ ಮಾರಾಟ ಆಯ್ತಂತೆ. ಹೊಸ ಮಾಲೀಕರು ಬಾಡಿಗೆ ಏರಿಸಿದ್ರು, ಪಿಂಚಣಿ ಸಾಲಲಿಲ್ಲ. ಕೊಂಡವರ ಮುಖ ಇವರು ಒಂದು ಸಲಾನೂ ನೋಡ್ಲಿಲ್ವಂತೆ. ಈಗ ಆ ಬೀದೀಲಿ ಯಾರಾದ್ರೂ ಕೆಮ್ಮಿದ್ರೆ ಯಾರು ಅಂತ ಗೊತ್ತಾಗಲ್ವಂತೆ.”

ಕಾಲು ಚಾಚಿ ಬಾಡಿಗೆ ಎಣಿಸುವ ಆ ಮುಖ ಕಾಣದ ಮಾಲೀಕನ ಜಾಗದಲ್ಲಿ ಸಾಹೇಬರು ಇಷ್ಟು ದಿನ ಕೂರಿಸಿದ್ದದ್ದು ತಮ್ಮನ್ನೇ. ಈಗ ಅವರಿಗೆ ನಿಜವಾಗಿಯೂ ನಾಚಿಕೆಯಾಯಿತು. ಯಾರಿಗೂ ಕಾಣದಂತೆ ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಳಿಸಿದರು. ಖತೀಜಾ ಬೀ ಎದ್ದು ಹೋಗಿ ಇಸಾಬೆಲ್ಲಳ ಭುಜದ ಮೇಲೆ ಕೈಯಿಟ್ಟು, “ಮನೆ ಬುಡೋ ಸಂಕಟ ಎಲ್ಲಾ ಕಡೆ ಒಂದೇ ಕಣಮ್ಮ,” ಎಂದರು. ಅದಕ್ಕೆ ಮಹ್ವಿಶಳ ಅನುವಾದ ಬೇಕಾಗಲಿಲ್ಲ.

ಸ್ವಲ್ಪ ಹೊತ್ತಿಗೆ ಇಸಾಬೆಲ್ ಕಣ್ಣೊರೆಸಿಕೊಂಡು, ಬ್ಯಾಗು ತೆರೆಯುತ್ತ ಹುರುಪಿನಿಂದ ಏನೋ ಹೇಳಿದಳು. ಮಹ್ವಿಶ್ ತುಟಿ ಕಚ್ಚಿ ನಗು ತಡೆದಳು.

“ಏನಂತೆ?” ಎಂದರು ಸಾಹೇಬರು.

“ಅಲ್ಲಿ ಸಾಲದ ಪಿಂಚಣೀಲಿ ಇಲ್ಲಿ ರಾಣಿ ಥರ ಇರಬಹುದಂತೆ ಅಬ್ಬಾ. ಮನೆ ಒಪ್ಪಿಗೆಯಾಯ್ತಂತೆ. ಬಾಡಿಗೆ ಎಷ್ಟು, ಅಡ್ವಾನ್ಸು ಎಷ್ಟು, ನೀವು ಯಾವತ್ತು ಖಾಲಿ ಮಾಡ್ತೀರಾ ಅಂತ ಕೇಳ್ತಾವ್ರೆ.”

“ಖಾಲಿ? ಯಾರು?”

“ಮನೆಯವರು ದೇಶ ಬಿಟ್ಟು ಹೋಗ್ತಾವ್ರೆ, ಹೊಳೆ ಹತ್ರದ ಮನೆ, ಸದ್ಯದಲ್ಲೇ ಖಾಲಿಯಾಗುತ್ತೆ ಅಂತ ಲೋಕೇಶಣ್ಣ ಫೋಟೋ ಕಳಿಸಿದ್ರಂತೆ. ಅದಕ್ಕೇ ಬಂದಿದ್ದಂತೆ.”

ತಾವು ಹೆಣ್ಣು ನೋಡಲು ಹೋದದ್ದಲ್ಲ, ತಮ್ಮನ್ನೇ ನೋಡಲು ಬಂದಿದ್ದಾರೆಂದು ಸಾಹೇಬರಿಗೆ ಅರ್ಥವಾಗುವುದರೊಳಗೆ ಖತೀಜಾ ಬೀ ತೀರ್ಪು ಕೊಟ್ಟಾಗಿತ್ತು. ಕೆಳಗಿನ ಮನೆ ಇಲ್ಲ, ಮಹಡಿ ಇದೆ. ವೀಸಾ ಇರುವಷ್ಟು ದಿನ ಇರಲಿ. ಬಾಡಿಗೆ ಕರಾರಿಗೆ ರುಜು ಹಾಕಲು ಸಾಹೇಬರ ಪೆನ್ನನ್ನೇ ಕೇಳಿ ತೆಗೆದುಕೊಂಡರು.

ಸಾಹೇಬರ ಮೆತ್ತನೆ ಕುರ್ಚಿ ಇಸಾಬೆಲ್ಲಳ ಪಾಲಾಯಿತು. (“ತುಂಬಾ ಒಳ್ಳೆ ಸ್ಪಂಜು” ಎಂದು ಅವಳು ಹೊಗಳಿದ್ದೊಂದೇ ಸಾಹೇಬರಿಗೆ ಸಿಕ್ಕ ಲಾಭ.) ಬ್ರೋಕರಿಕೆ ಲೋಕೇಶನ ಪಾಲಾಯಿತು. ಬಾಡಿಗೆ ತಿಂಗಳ ಮೊದಲನೇ ತಾರೀಕು ತಪ್ಪದೆ ಖತೀಜಾ ಬೀಯವರ ಖಾತೆಗೆ ಬರತೊಡಗಿತು. ಈಗ ಅವರು ಚಿಕ್ಕಬೋರಮ್ಮನ ಹತ್ತಿರ ಅಂಜೂರವನ್ನು ಚೌಕಾಸಿ ಮಾಡದೆ ಕೊಳ್ಳುತ್ತಾರೆ, ಸಂಜೆ ಮಹಡಿಯಲ್ಲಿ ‘ಇಸಾಬಿ’ಯ ಜೊತೆ ಕಾಲು ಚಾಚಿ ಕೂತು ಕರಿಘಟ್ಟ ನೋಡುತ್ತಾರೆ. ಕೆಳಗಿನಿಂದ ಯಾರು ಕೆಮ್ಮಿದರೂ ಯಾರೆಂದು ಇಬ್ಬರಿಗೂ ಗೊತ್ತಾಗುತ್ತದೆ.

ಮೊನ್ನೆ ಅಲ್ಲಿಗೆ ಟೀ ಹೊತ್ತುಕೊಂಡು ಹೋದವರು ಸಾಹೇಬರೇ. ಲೋಟಗಳನ್ನಿಟ್ಟು, ಸ್ವಲ್ಪ ಹೊತ್ತು ಕೈ ಹೊಸೆಯುತ್ತ ನಿಂತರು.

“ಖತೀಜಾ, ಮೊಬೈಲಿಗೆ ರೀಚಾರ್ಜು ಮುಗಿದೋಗೈತೆ. ವಸಿ ದುಡ್ಡು ಹಾಕ್ತೀಯಾ?”

“ಯಾತಕ್ಕೆ?”

“ಸುಮ್ನೆ... ಏನೇನೋ ನೋಡೋಕೆ.”

ಖತೀಜಾ ಬೀ ಟೀ ಒಂದು ಗುಟುಕು ಕುಡಿದು, ಗಂಡನನ್ನು ಚಪ್ಪಲಿಯ ಅಡಿಯಿಂದ ಟೋಪಿಯವರೆಗೆ ನೋಡಿದರು.

“ವಿಚಾರಿಸಿ ಹೇಳ್ತೀನಿ,” ಎಂದರು.