ಐಸಮ್ಮನಿಗೆ ತೋರಿಸಿದ ಫ್ರಾನ್ಸು

ಪುಕ್ಕಟೆ ಸಿಗುವ ವಸ್ತುವನ್ನು ಬೇಡ ಎನ್ನುವ ಗಟ್ಟಿತನ ನನಗೆ ಯಾವತ್ತೂ ಬಂದದ್ದಿಲ್ಲ. ಕತಾರಿನಲ್ಲಿ ಇರುವವರಿಗೆಲ್ಲ ಈ ದೌರ್ಬಲ್ಯ ಸ್ವಲ್ಪ ಹೆಚ್ಚೇ ಇರುತ್ತದೆ. ಇಲ್ಲಿ ಯಾರಾದರೂ ನೌಕರಿ ಮುಗಿಸಿ ಖಾಯಂ ಆಗಿ ಊರಿಗೆ ಹೊರಟರೆ ಉಳಿದವರ ಮನೆ ತುಂಬುತ್ತದೆ. ನಮ್ಮ ಮನೆಯ ಮಿಕ್ಸಿ ಒಬ್ಬ ಮಲಯಾಳಿಯದು, ಕಿಟಕಿಯ ಪರದೆಗಳು ಒಂದು ಗೋವಾ ಕುಟುಂಬದವು, ಬಾಲ್ಕನಿಯ ಕರಿಬೇವಿನ ಗಿಡ ಯಾರದೆಂದು ನಮಗೇ ಮರೆತುಹೋಗಿದೆ. ಹೀಗಿರುವಾಗ ಮೆಸಯೀದಿನ ನಮ್ಮ ಕಾರ್ಖಾನೆಯಲ್ಲಿ ನನ್ನ ಪಕ್ಕದ ಮೇಜಿನವನಾದ ಫ್ರೆಂಚ್ ಇಂಜಿನಿಯರ್ ಜುಲಿಯನ್ ಊರಿಗೆ ಹೊರಟು, “ಸದಾ, ನನ್ನ ಸೈಕಲ್ ನಿನಗೆ ಬೇಕಾ?” ಎಂದು ಕೇಳಿದಾಗ ನಾನು ತಲೆಯಾಡಿಸಿಬಿಟ್ಟೆ. ಐವತ್ತು ದಾಟಿದ ನಾನು ಸೈಕಲ್ ಹತ್ತಿ ಎಷ್ಟು ಕಾಲವಾಯಿತು ಎಂದು ಯೋಚಿಸುವ ವ್ಯವಧಾನವನ್ನೂ ತೋರಲಿಲ್ಲ.

ಅವನೇ ಅದನ್ನು ಓಲ್ಡ್ ಏರ್‌ಪೋರ್ಟ್ ಬಡಾವಣೆಯ ನಮ್ಮ ಫ್ಲ್ಯಾಟಿಗೆ ತಂದು ಜೋಡಿಸಿಕೊಟ್ಟ ಮೇಲೆ ನನಗೆ ಗೊತ್ತಾಯಿತು, ಅದು ಎಲ್ಲಿಗೂ ಹೋಗದ ಸೈಕಲ್. ಅದರ ಹಿಂದಿನ ಚಕ್ರ ಬಿಚ್ಚಿ, ಆ ಜಾಗದಲ್ಲಿ ಒಂದು ಭಾರವಾದ ಕಬ್ಬಿಣದ ಯಂತ್ರ ಕೂರಿಸುತ್ತಾರೆ. ಅದರಿಂದ ಟೀವಿಗೆ ಸಂಪರ್ಕ. ಟೀವಿಯಲ್ಲಿ ಜುಲಿಯನ್ನನ ಊರು. ಅವನ ಕಡೆ ಗುಡ್ಡಗಳ ನಡುವೆ ಜಲ್ಲಿ ಹಾಸಿದ ದಾರಿಗಳಿವೆಯಂತೆ, ಅಲ್ಲಿ ಕಾರು ಬಿಡುವುದಿಲ್ಲವಂತೆ. ರಜೆಗೆ ಹೋದಾಗ ಸೈಕಲ್ಲಿನ ಹಿಡಿಗೆ ಕ್ಯಾಮೆರಾ ಕಟ್ಟಿಕೊಂಡು ಆ ದಾರಿಯನ್ನು ಚಿತ್ರೀಕರಿಸಿದ್ದ. ನಾವು ಪೆಡಲ್ ತುಳಿದರೆ ಚಿತ್ರ ಮುಂದಕ್ಕೆ ಹೋಗುತ್ತದೆ, ನಿಲ್ಲಿಸಿದರೆ ನಿಲ್ಲುತ್ತದೆ. ಚಿತ್ರದಲ್ಲಿ ಏರು ಬಂದರೆ ಪೆಡಲ್ ತಾನಾಗಿ ಬಿಗಿಯಾಗುತ್ತದೆ. ಇಲ್ಲಿಯ ಬೇಸಿಗೆಯಲ್ಲಿ ಹೊರಗೆ ಕಾಲಿಡಲಾಗದೆ, ಊರು ನೆನಪಾದಾಗಲೆಲ್ಲ ಅವನು ಹೀಗೆ ಒಂದು ಸುತ್ತು ಹೋಗಿಬರುತ್ತಿದ್ದನಂತೆ. ಫ್ಲೈಓವರನ್ನೇ ಗುಡ್ಡವೆಂದು ತಿಳಿದು ಇಷ್ಟು ವರ್ಷ ಬದುಕಿದ ನನಗೆ ಇದೆಲ್ಲ ಬಹಳ ಸುಲಭವಾಗಿ ಕಂಡಿತು. ಹೆಂಡತಿ ವನಜ ಮಾತ್ರ ಸೋಫಾ ಮೂಲೆಗೆ ಹೋದ ಸಿಟ್ಟಿನಲ್ಲಿ, “ಬಟ್ಟೆ ಒಣಗಿಸ್ಲಿಕ್ಕಾದ್ರೂ ಆಗ್ತದೆ, ಇರ್ಲಿ” ಎಂದು ಒಳಗೆ ಹೋದಳು.

ಸಂಜೆ ಕಂಪೆನಿ ಬಸ್ಸಿಳಿದು ಬಂದು, ಚಹಾ ಕುಡಿದು, ಬನಿಯನ್ ಹಾಕಿಕೊಂಡು ನಾನು ಫ್ರಾನ್ಸಿಗೆ ಹೊರಡತೊಡಗಿದೆ. ಕೆಲವು ದಿನ ಎಲ್ಲವೂ ಚೆನ್ನಾಗಿಯೇ ನಡೆಯಿತು. ಒಂದು ಸಂಜೆ ಕೆಳಗಿನ ಮನೆಯ ಹಮೀದ್ ಬಾಗಿಲು ತಟ್ಟಿದ. ಅವನು ಬಂಟ್ವಾಳದ ಕಡೆಯವನು, ನಜ್ಮಾ ಪೇಟೆಯಲ್ಲಿ ವಾಹನದ ಬಿಡಿಭಾಗಗಳ ಅಂಗಡಿ ಇಟ್ಟಿದ್ದಾನೆ. ಮುಖದಲ್ಲಿ ಸಂಕೋಚ.

“ಸದಾನಂದಣ್ಣ, ಬೇಜಾರು ಮಾಡ್ಬೇಡಿ. ನಿಮ್ಮ ಗ್ರೈಂಡರ್ ಎಂತ ಇಷ್ಟು ಹೊತ್ತು ತಿರುಗುವುದು? ದಿನಾ ಇಡ್ಲಿಯಾ?”

ಅವನ ತಾಯಿ ಐಸಮ್ಮ ಊರಿನಿಂದ ವಿಸಿಟ್ ವೀಸಾದಲ್ಲಿ ಬಂದಿದ್ದರು. ನನ್ನ ಸೈಕಲ್ ಸರಿಯಾಗಿ ಅವರ ಮಂಚದ ಮೇಲೆಯೇ ಬರುತ್ತಿತ್ತು. “ಮೊದಲೇ ಉಮ್ಮನಿಗೆ ಇಲ್ಲಿ ಸರಿಯಾಗ್ತಾ ಇಲ್ಲ. ಊಟ ಸೇರುವುದಿಲ್ಲ, ಯಾರ ಹತ್ರವೂ ಮಾತಿಲ್ಲ. ದಿನಾ ಟಿಕೇಟು ಯಾವಾಗ ಅಂತ ಕೇಳುವುದೊಂದೇ” ಎಂದ. ಊರಲ್ಲಿ ಬೆಳಿಗ್ಗೆ ಎದ್ದರೆ ನಾಲ್ಕು ಮನೆಯ ಅಂಗಳ ಸುತ್ತಿ ಬರುತ್ತಿದ್ದ ಹೆಂಗಸು, ಇಲ್ಲಿ ಮುಚ್ಚಿದ ಬಾಗಿಲು, ಮುಚ್ಚಿದ ಕಿಟಕಿ, ಏಸಿಯ ಸದ್ದು. ಮೇಲಿಂದ ನನ್ನ ಸದ್ದು ಬೇರೆ.

ವನಜಳಿಗೆ ನಾಚಿಕೆಯಾಯಿತು. ಮರುದಿನ ಅವಳೇ ಕೆಳಗೆ ಹೋಗಿ, ತಪ್ಪಾಯಿತೆಂದು ಹೇಳಿ, ಐಸಮ್ಮನನ್ನು ಕೈಹಿಡಿದು ಮೇಲಕ್ಕೆ ಕರೆದುಕೊಂಡು ಬಂದಳು. ಇಬ್ಬರಿಗೂ ತುಳು ಬರುತ್ತಿದ್ದುದರಿಂದ ಮಾತಿಗೆ ಅಡ್ಡಿಯಿರಲಿಲ್ಲ. ಐಸಮ್ಮ ಸೈಕಲ್ಲನ್ನು ಒಂದು ಸುತ್ತು ಬಂದು ನೋಡಿದರು. “ಇದು ಎಲ್ಲಿಗೂ ಹೋಗುವುದಿಲ್ಲವಾ?” ಎಂದು ಕೇಳಿದರು. “ಟೀವಿಯಲ್ಲಿ ಹೋಗ್ತದೆ” ಎಂದೆ. “ಹಾಗಾದ್ರೆ ಹೋಗು, ನೋಡುವಾ” ಎಂದು ಸೋಫಾದಲ್ಲಿ ಕುಳಿತರು.

ನಾನು ತುಳಿದೆ. ಬಿಳಿ ಜಲ್ಲಿಯ ದಾರಿ ಸುರುಳಿ ಬಿಚ್ಚಿದ ಹಾಗೆ ಮುಂದೆ ಹೋಯಿತು. ಎರಡೂ ಕಡೆ ದ್ರಾಕ್ಷಿ ತೋಟ, ಕಲ್ಲಿನ ಗೋಡೆ, ದೂರದಲ್ಲಿ ಹಸುರು ಗುಡ್ಡಗಳ ಸಾಲು. ಒಂದು ಬೇಲಿಯಾಚೆ ದನಗಳು ತಲೆಯೆತ್ತಿದವು.

“ನಿಲ್ಲಿಸು, ನಿಲ್ಲಿಸು!” ಎಂದರು ಐಸಮ್ಮ. ನಾನು ನಿಲ್ಲಿಸಿದೆ. ದನವೂ ನಿಂತಿತು. ಅವರು ಎದ್ದು ಟೀವಿಯ ಹತ್ತಿರ ಹೋಗಿ, “ಕೆಚ್ಚಲು ನೋಡು ವನಜ! ಎಷ್ಟು ಹಾಲು ಕೊಡ್ಬಹುದು?” ಎಂದು ಕೇಳಿದರು. ಅಂದು ಅವರು ನಮ್ಮಲ್ಲಿ ಎರಡು ಗೋಳಿಬಜೆ ತಿಂದರು. ಅದನ್ನು ಕೇಳಿ ಹಮೀದ್ ಫೋನಿನಲ್ಲೇ ಅತ್ತುಬಿಟ್ಟನೆಂದು ವನಜ ಹೇಳಿದಳು.

ಅಲ್ಲಿಂದ ನನ್ನ ಸ್ವಾತಂತ್ರ್ಯ ಹೋಯಿತು. ನಾನು ವ್ಯಾಯಾಮ ಮಾಡುವವನಾಗಿ ಉಳಿಯದೆ ಡ್ರೈವರ್ ಆದೆ. “ನಿಧಾನ ಹೋಗು, ಸೊಪ್ಪು ಯಾವುದು ಅಂತ ಕಾಣ್ಲಿಲ್ಲ.” “ಆ ಮನೆಯ ಹತ್ರ ನಿಲ್ಲಿಸು, ಬಟ್ಟೆ ಒಣಗಿಸಿದ್ದಾರಾ ನೋಡುವಾ.” ನಾನು ಆಫೀಸಿನಿಂದ ತಡವಾಗಿ ಬಂದರೆ ಹಮೀದ್ ಫೋನ್ ಮಾಡುತ್ತಿದ್ದ: “ಅಣ್ಣಾ, ಯಲ್ಲಾ, ಬೇಗ ಬನ್ನಿ, ಉಮ್ಮ ಬುರ್ಖಾ ಹಾಕ್ಕೊಂಡು ರೆಡಿಯಾಗಿ ಕೂತಿದ್ದಾರೆ.” ಸದ್ದಿನ ದೂರು ಹೇಳಲು ಬಂದ ಮನುಷ್ಯನೇ ಈಗ ಸದ್ದು ಕೇಳದಿದ್ದರೆ ದೂರು ಹೇಳತೊಡಗಿದ್ದ. ಐಸಮ್ಮನ ಜೊತೆಗೆ ಕೆಲವೊಮ್ಮೆ ಅವನ ಹೆಂಡತಿ ಸಫಿಯಾಳೂ ಬರುತ್ತಿದ್ದಳು. ವನಜ ದಿನಕ್ಕೊಂದು ತಿಂಡಿ ಕರಿಯುತ್ತಿದ್ದಳು. ಸೈಕಲ್ ತುಳಿದು ದಪ್ಪವಾದ ಮೊದಲ ಮನುಷ್ಯ ಬಹುಶಃ ನಾನೇ.

ಆ ದಾರಿಯಲ್ಲಿ ಒಂದು ಗುಡ್ಡ ಇತ್ತು. ಅಲ್ಲಿಯತನಕ ಬರುವುದೆಲ್ಲ ಸಣ್ಣಪುಟ್ಟ ಏರುಗಳು, ಹೇಗೋ ದಾಟುತ್ತಿದ್ದೆ. ಒಂದು ತಿರುವಿನಲ್ಲಿ ಕಲ್ಲಿನ ನೀರಿನ ತೊಟ್ಟಿ ಬರುತ್ತದೆ, ಅದಾದ ಮೇಲೆ ದಾರಿ ನೇರ ಆಕಾಶಕ್ಕೆ. ಪೆಡಲ್ ಸಿಮೆಂಟಿನಲ್ಲಿ ಹೂತ ಹಾಗೆ ಆಗುತ್ತಿತ್ತು. ನಾನು ದಿನಾ ತೊಟ್ಟಿಯ ಹತ್ತಿರ ಬಂದೊಡನೆ, “ಖಲಾಸ್, ಇವತ್ತಿಗೆ ಸಾಕು” ಎಂದು ಇಳಿದುಬಿಡುತ್ತಿದ್ದೆ.

“ಆಚೆ ಎಂತ ಉಂಟು?” ಐಸಮ್ಮ ಕೇಳಿದರು.

“ಎಂತದೂ ಇಲ್ಲ, ಬರೀ ಗುಡ್ಡ” ಎಂದೆ, ಸ್ವತಃ ಹೋಗಿ ಬಂದವನ ಗತ್ತಿನಲ್ಲಿ.

“ಎಂತದೂ ಇಲ್ಲದ ಕಡೆಗೆ ಇಷ್ಟು ಚಂದದ ದಾರಿ ಯಾರು ಮಾಡ್ತಾರೆ ಮಾರಾಯ?”

ಚಿತ್ರವನ್ನು ಹಾಗೇ ಮುಂದಕ್ಕೆ ಓಡಿಸಿದರಾಯಿತಲ್ಲ ಎಂದು ಹಮೀದ್ ಸಲಹೆ ಕೊಟ್ಟ. ನನಗೂ ಅದು ಒಪ್ಪಿಗೆಯೇ. ಐಸಮ್ಮ ಒಪ್ಪಲಿಲ್ಲ. “ಹಾಗೆ ನೋಡಿದ್ರೆ ಹೋದ ಹಾಗೆ ಆಗ್ತದಾ? ಇಷ್ಟು ದೂರ ಇವನು ಕರ್ಕೊಂಡು ಬಂದಿದ್ದಾನೆ, ಇನ್ನು ಸ್ವಲ್ಪ ಅಲ್ಲವಾ” ಎಂದರು. ನನ್ನ ಮೇಲೆ ಅವರಿಗಿದ್ದ ನಂಬಿಕೆ ನೋಡಿ ನನಗೇ ಭಯವಾಯಿತು. ಆ ರಾತ್ರಿಯಿಂದ ಅನ್ನ ಬಿಟ್ಟು ಚಪಾತಿ ತಿಂದೆ. ಆಫೀಸಿನಲ್ಲಿ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿದೆ. ತೊಟ್ಟಿಯಿಂದ ಒಂದು ಬೇಲಿಗೂಟದ ತನಕ ಹೋಗಲು ಸಾಧ್ಯವಾಯಿತು, ಅಷ್ಟೇ.

ಐಸಮ್ಮನ ವೀಸಾ ಮುಗಿಯುತ್ತ ಬಂತು. ಹೊರಡುವ ಹಿಂದಿನ ಸಂಜೆ ಹಮೀದ್, ಸಫಿಯಾ ಎಲ್ಲರೂ ಬಂದು ಸೋಫಾ ತುಂಬ ಕುಳಿತರು. ಹಮೀದ್ ಬಾಳೆಹಣ್ಣಿನ ಚಿಪ್ಪು ತಂದಿದ್ದ, ಆಟಗಾರರು ತಿನ್ನುತ್ತಾರೆಂದು. ನಾನು ಎರಡು ತಿಂದು ಹತ್ತಿದೆ. ದ್ರಾಕ್ಷಿ ತೋಟ ದಾಟಿತು, ದನ ದಾಟಿತು, ತೊಟ್ಟಿ ಬಂತು. ಎದ್ದು ನಿಂತು ತುಳಿದೆ. ಬೇಲಿಗೂಟ ಬಂತು. ಬಂದದ್ದು ಹೋಗಲಿಲ್ಲ. ಕಣ್ಣೆದುರು ಅದೇ ಗೂಟ, ಗೂಟದ ಮೇಲೆ ಅದೇ ತುಕ್ಕು ಹಿಡಿದ ಮೊಳೆ. “ಹಾಕಿ ಅಣ್ಣ, ಹಾಕಿ!” ಎಂದು ಹಮೀದ್ ಬೊಬ್ಬೆ ಹೊಡೆದ. ನನ್ನ ಮೀನಖಂಡ ಹಿಡಿದುಕೊಂಡು, ಕಾಲು ಅಲ್ಲೇ ನಿಂತುಬಿಟ್ಟಿತು.

ಐಸಮ್ಮನೇ, “ಸಾಕು ಮಗಾ, ಇಳಿ. ಕಾಲಿಗಿಂತ ದೊಡ್ಡದಾ ಅದು?” ಎಂದರು. ಆ ಸಮಾಧಾನ ಕೇಳಿ ನನಗೆ ಇನ್ನಷ್ಟು ಸಂಕಟವಾಯಿತು.

ಆಗ ವನಜ ಅಡುಗೆಮನೆಯಿಂದ ಕೈ ಒರೆಸುತ್ತ ಬಂದಳು. “ಸರೀರಿ ಆಚೆ” ಎಂದಳು. ಚೂಡಿದಾರದ ಶಾಲನ್ನು ಸೊಂಟಕ್ಕೆ ಬಿಗಿದು ಹತ್ತಿಯೇಬಿಟ್ಟಳು. ನನಗಿದ್ದ ಹಾಗೆ ಅವಳಿಗೆ ಅವಸರವಿರಲಿಲ್ಲ. ಹಿಟ್ಟು ನಾದುವ ಹಾಗೆ ಒಂದೇ ಹದದಲ್ಲಿ ತುಳಿದಳು. ಗೂಟ ಅಲುಗಿತು, ಹಿಂದೆ ಹೋಯಿತು. ಇನ್ನೊಂದು ಗೂಟ ಬಂತು, ಅದೂ ಹೋಯಿತು.

“ನಿನಗೆ ಸೈಕಲ್ ಬರ್ತದಾ?” ಎಂದು ಕುಂಟುತ್ತಲೇ ಕೇಳಿದೆ.

“ಹೈಸ್ಕೂಲಿಗೆ ಹೋದದ್ದೇ ಸೈಕಲಲ್ಲಿ. ಏರು ದಾರಿ. ನೀವು ಯಾವತ್ತಾದ್ರೂ ಕೇಳಿದ್ದೀರಾ?” ಎಂದಳು, ಉಸಿರು ಸಹ ತಪ್ಪದೆ. ಮದುವೆಯಾಗಿ ಇಷ್ಟು ವರ್ಷವಾದರೂ ನಾನು ಕೇಳಿರಲಿಲ್ಲ ಎಂಬುದು ನಿಜ.

ಗುಡ್ಡದ ತಲೆ ಬಂತು. ಆಚೆ ಕಡೆ ಇಳಿಜಾರಿನಲ್ಲಿ ಒಂದು ಕಲ್ಲಿನ ಮನೆ, ನೀಲಿ ಬಾಗಿಲು. ಬಾಗಿಲಲ್ಲಿ ಏಪ್ರನ್ ಕಟ್ಟಿದ ಒಬ್ಬ ಮುದುಕಿ. ಸೈಕಲ್ ನೇರ ಆ ಅಂಗಳಕ್ಕೆ ಹೋಗಿ ನಿಂತಿತು. ಮುದುಕಿ ಕೈ ಬೀಸುತ್ತ ಫ್ರೆಂಚಿನಲ್ಲಿ ಏನೋ ಜೋರಾಗಿ ಹೇಳಿದಳು. ಜುಲಿಯನ್ನನ ನಗು ಕೇಳಿಸಿತು. ಚಿತ್ರ ಅಲ್ಲಿಗೆ ಮುಗಿಯಿತು.

“ಅವನ ಉಮ್ಮ” ಎಂದರು ಐಸಮ್ಮ. “ಊಟ ಆಯ್ತಾ ಅಂತ ಕೇಳ್ತಿದ್ದಾರೆ.”

“ನಿಮಗೆ ಫ್ರೆಂಚ್ ಬರ್ತದಾ ಉಮ್ಮ?” ಎಂದು ಹಮೀದ್ ನಕ್ಕ. ಅವರು ನಗಲಿಲ್ಲ. ಅವನನ್ನೇ ನೋಡಿ, “ದೂರದಿಂದ ಬಂದ ಮಗನ ಹತ್ರ ಮತ್ತೆ ಎಂತ ಕೇಳುವುದು?” ಎಂದರು. ಹಮೀದನ ನಗು ನಿಂತಿತು. ಅವನು ಎದ್ದು ಹೋಗಿ ತಾಯಿಯ ಪಕ್ಕದಲ್ಲಿ, ನೆಲದ ಮೇಲೆ ಕುಳಿತ.

ಐಸಮ್ಮ ಊರಿಗೆ ಹೋದ ಮೇಲೆ ತಡೆಯಲಾರದೆ ಜುಲಿಯನ್ನನಿಗೆ ಮೆಸೇಜ್ ಮಾಡಿ ವಿಚಾರಿಸಿದೆ. ಅದು ಅವನ ತಾಯಿಯೇ ಹೌದು. ಆದರೆ ಅವರು ಹೇಳಿದ್ದು, ಕೆಸರು ಬೂಟು ಹಾಕಿಕೊಂಡು ಒಳಗೆ ಬಂದರೆ ಕಾಲು ಮುರಿಯುತ್ತೇನೆ ಎಂದಂತೆ. ಇದನ್ನು ಫೋನಿನಲ್ಲಿ ಐಸಮ್ಮನಿಗೆ ತಿಳಿಸಿದಾಗ ಅವರು ಕಿಂಚಿತ್ತೂ ವಿಚಲಿತರಾಗಲಿಲ್ಲ. “ಮೊದಲು ಅದು ಹೇಳ್ತಾರೆ. ಊಟದ್ದು ಆಮೇಲೆ ಕೇಳಿರ್ತಾರೆ, ಇವನ ಕ್ಯಾಮೆರಾ ಅಷ್ಟರಲ್ಲಿ ಬಂದ್ ಆಗಿದೆ” ಎಂದರು.

ಜುಲಿಯನ್ನನ ಮೆಸೇಜಿನಲ್ಲಿ ಇನ್ನೂ ಒಂದು ಸಾಲಿತ್ತು. ಆ ದಾರಿಯಲ್ಲಿ ಬರುವ ಸೈಕಲ್ಲಿನವರಿಗೆ ಅವನ ತಾಯಿ ಮನೆಯಲ್ಲೇ ಕೋಣೆ ಕೊಡುತ್ತಾರಂತೆ, ನೀವಿಬ್ಬರೂ ಬನ್ನಿ ಎಂದಿದ್ದ. ವನಜ ಅದನ್ನು ಓದಿದ್ದೇ ನನಗೆ ದೊಡ್ಡ ತೊಂದರೆಯಾಯಿತು. ಈಗ ಸಂಜೆ ನಾನು ಬಸ್ಸಿಳಿದು ಬರುವಾಗ ಸೈಕಲ್ಲಿನ ಮೇಲೆ ಅವಳಿರುತ್ತಾಳೆ. ಚಹಾ ಸೋಸುವುದು ನಾನು. ಬರುವ ರಜೆಗೆ ಊರಿಗಲ್ಲ, ಫ್ರಾನ್ಸಿಗೆ ಎಂದು ತೀರ್ಮಾನವಾಗಿದೆ. ನನ್ನ ಮೀನಖಂಡದ ಸ್ಥಿತಿಯನ್ನು ಜುಲಿಯನ್ನನಿಗೆ ಅವಳೇ ಬರೆದು ತಿಳಿಸಿದ್ದಾಳೆ. ಅವನು ಕೂಡಲೇ ಒಂದು ದಾರಿ ಹುಡುಕಿಕೊಟ್ಟಿದ್ದಾನೆ: ಸವಾರರ ಸಾಮಾನು ಸಾಗಿಸುವ ವ್ಯಾನ್ ಒಂದಿದೆಯಂತೆ, ಪೆಟ್ಟಿಗೆಗಳ ಜೊತೆ ಒಬ್ಬರು ಕೂರಬಹುದಂತೆ. ಜಲ್ಲಿದಾರಿಗೆ ವಾಹನ ಬಿಡದ ಕಾರಣ ಅದು ನನ್ನನ್ನು ಹೊತ್ತು ಹೆದ್ದಾರಿಯಲ್ಲಿ ಸುತ್ತಿಕೊಂಡು ಹೋಗುತ್ತದೆ. ಆ ಕಡೆ ಟ್ರಾಫಿಕ್ ಸ್ವಲ್ಪ ಹೆಚ್ಚಂತೆ.